ಹಳೆಯ ಮರದ ಹಾಯಿದೋಣಿ ಕೊಂಡು ಗೋವಾದಿಂದ ಕಾರವಾರಕ್ಕೆ ತರುವುದು: ಬಯಲುಸೀಮೆಯವರಿಗೆ ಸಮಗ್ರ ಮಾರ್ಗದರ್ಶಿ

ಧಾರವಾಡದವನಿಗೆ ಸಮುದ್ರದ ಹಂಬಲ ಎಲ್ಲಿಂದ ಬಂತು ಎಂದು ಕೇಳುವವರಿಗೆ ನಾನು ಹತ್ತಿಯ ಕಥೆ ಹೇಳುತ್ತೇನೆ. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಎರೆಹೊಲಗಳ ಹತ್ತಿ ಘಟ್ಟ ಇಳಿದು ಕುಮಟಾ ಬಂದರು ಸೇರಿ, ಅಲ್ಲಿಂದ ಹಡಗು ಏರಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದದ್ದು ಧಾರವಾಡ ಸೀಮೆಯಲ್ಲಿ, ಪೇಟೆಯಲ್ಲಿ ಅದಕ್ಕೆ ಬಿದ್ದ ಹೆಸರು ಕುಮಟಾ ಹತ್ತಿ. ಮರದ ದೋಣಿಯ ಹಲಗೆಗಳ ಸಂದಿಗೆ ತುಂಬುವುದೂ ಹತ್ತಿಯನ್ನೇ. ನನ್ನ ದೋಣಿಯ ಸಂದಿಗಳಿಗೆ ಹಾಕಿದ ಹತ್ತಿ ಹುಬ್ಬಳ್ಳಿಯಿಂದ ಹೋದದ್ದು. ಕೊಡತಿ ಹಿಡಿದು ಅದನ್ನು ತುಂಬುತ್ತಿದ್ದಾಗ ಆದ ಸಂತೋಷ ನನಗೆ ಇಂದಿಗೂ ಮಾಸಿಲ್ಲ.

ನಾನು ಕೊಂಡದ್ದು 26 ಅಡಿ ಉದ್ದದ, ಸಾಗವಾನಿ ಮರದ, ಒಂದೇ ಕಂಬದ ಹಾಯಿದೋಣಿ. ಗೋವಾದ ಹಿನ್ನೀರಿನ ದಂಡೆಯಲ್ಲಿ ಅದು ಹಲವು ವರ್ಷ ನಿಂತಿತ್ತು. ಅದನ್ನು ಸರಿಪಡಿಸಿ ಮುರ್ಮುಗಾವ್‌ನಿಂದ ಕಾರವಾರದವರೆಗೆ ಹಾಯಿಯ ಮೇಲೆಯೇ ತಂದೆವು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಬೇರೆ ಯಾರಿಗಾದರೂ ಇಂಥ ಹಂಬಲವಿದ್ದರೆ, ನಾನು ಕಲಿತದ್ದೆಲ್ಲ ಅವರಿಗೆ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಪುಟ್ಟ ನೋಟ್‌ಬುಕ್ ಕೊಳ್ಳಿ. ಹಳೆಯ ಮರದ ದೋಣಿಯೊಳಗೆ ನೀರು ಬಂದೇ ಬರುತ್ತದೆ. ಎಷ್ಟು ಬರುತ್ತದೆ, ನಿನ್ನೆಗಿಂತ ಇಂದು ಹೆಚ್ಚೋ ಕಡಿಮೆಯೋ ಎಂಬುದೇ ಮುಖ್ಯ. ಆ ಲೆಕ್ಕ ನಿಮ್ಮ ಕೈಯಲ್ಲಿದ್ದರೆ ದೋಣಿ ಕೊಳ್ಳಬೇಕೋ ಬೇಡವೋ, ಹೊರಡಬೇಕೋ ನಿಲ್ಲಬೇಕೋ ಎಂಬುದು ತಾನಾಗಿ ತಿಳಿಯುತ್ತದೆ.

ಹೆಜ್ಜೆ 1: ಕೊಳ್ಳುವ ಮುನ್ನ ಕಲಿಯಿರಿ

ಹಾಯಿ ಹಿಡಿಯಲು ಬಾರದೆ ದೋಣಿ ಕೊಳ್ಳಬೇಡಿ. ಗೋವಾದಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಅಡಿಯಲ್ಲಿ ನಡೆಯುವ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಅಲ್ಲಿಯೋ, ಬೇರೆ ಯಾವುದಾದರೂ ಹಾಯಿ ತರಬೇತಿ ಕೇಂದ್ರದಲ್ಲಿಯೋ ಒಂದು ಚಳಿಗಾಲವನ್ನು ಸಣ್ಣ ದೋಣಿಗಳ ಮೇಲೆ ಕಳೆಯಿರಿ. ಹುಬ್ಬಳ್ಳಿಯಿಂದ ಲೋಂಡಾ, ದೂಧಸಾಗರ ದಾಟಿ ವಾಸ್ಕೊಗೆ ಹೋಗುವ ರೈಲುಮಾರ್ಗ ನಮ್ಮ ಪಾಲಿನ ದೊಡ್ಡ ಅನುಕೂಲ. ಆ ಮಾರ್ಗ ಹಾಕಿದ್ದೇ ಬಂದರಿಗೆ ಸರಕು ಸಾಗಿಸಲು. ಈಜು ಬರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೆಜ್ಜೆ 2: ಎಂಥ ದೋಣಿ ಹುಡುಕಬೇಕು

ಮೊದಲ ದೋಣಿ 22ರಿಂದ 28 ಅಡಿಯೊಳಗೆ ಇರಲಿ. ಇಬ್ಬರು ಸೇರಿ ನಡೆಸಬಹುದು, ಹಾಯಿಯನ್ನು ಕೈಯಿಂದಲೇ ಎಳೆಯಬಹುದು. ಉದ್ದ ಹೆಚ್ಚಿದಂತೆ ಖರ್ಚು ಅದಕ್ಕಿಂತ ಬೇಗ ಬೆಳೆಯುತ್ತದೆ, ಏಕೆಂದರೆ ಹಲಗೆ, ಬಣ್ಣ, ಹಗ್ಗ, ಲಂಗರು ಎಲ್ಲವೂ ಒಟ್ಟಿಗೆ ದೊಡ್ಡದಾಗುತ್ತವೆ.

ಮರ ಸಾಗವಾನಿಯೇ ಆಗಿದ್ದರೆ ಒಳ್ಳೆಯದು. ಅದರಲ್ಲಿರುವ ಎಣ್ಣೆಯ ಅಂಶ ಕೊಳೆಯನ್ನು ತಡೆಯುತ್ತದೆ. 1817ರಲ್ಲಿ ಮುಂಬಯಿಯಲ್ಲಿ ಸಾಗವಾನಿಯಿಂದ ಕಟ್ಟಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ನೀರಿನ ಮೇಲೆ ನಿಂತಿದೆ. ಆದರೆ ಮರ ಚೆನ್ನಾಗಿದ್ದೂ ಮೊಳೆ ಕೆಟ್ಟಿರುವ ದೋಣಿಗಳು ಬಹಳ. ತಾಮ್ರದ ರಿವೆಟ್ ಅಥವಾ ಕಂಚಿನ ಸ್ಕ್ರೂ ಇದ್ದರೆ ಮುಂದೆ ಮಾತನಾಡಿ. ಬರೀ ಕಬ್ಬಿಣದ ಮೊಳೆಗಳಿದ್ದು, ಹೊರಮೈಯಲ್ಲಿ ಸಾಲಾಗಿ ತುಕ್ಕಿನ ಕಲೆ ಇಳಿದಿದ್ದರೆ, ಆ ತುಕ್ಕು ಸುತ್ತಲಿನ ಮರವನ್ನೂ ತಿಂದಿರುತ್ತದೆ. ಅಂಥ ದೋಣಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ನನಗೆ ಬೇಡ.

ಹೆಜ್ಜೆ 3: ದಬ್ಬಣ ಮತ್ತು ಸುತ್ತಿಗೆ ಹಿಡಿದು ತಪಾಸಣೆ

ಈ ಹೆಜ್ಜೆಗೆ ಕನಿಷ್ಠ ಎರಡು ಪೂರ್ಣ ದಿನ ಬೇಕು. ದೋಣಿ ನೀರಿನಿಂದ ಹೊರಗೆ ಇರಬೇಕು. ಮಾರುವವರು ದಂಡೆಗೆ ಎಳೆಯಲು ಒಪ್ಪದಿದ್ದರೆ ಅಲ್ಲಿಂದಲೇ ಹಿಂತಿರುಗಿ. ನಿಮ್ಮ ಜೊತೆ ಇಬ್ಬರು ಇರಲಿ: ಮರ ಬಲ್ಲ ನಮ್ಮೂರಿನ ಬಡಿಗರು ಒಬ್ಬರು, ನೀರು ಬಲ್ಲ ಕರಾವಳಿಯ ತಾಂಡೇಲರು ಒಬ್ಬರು. ತಾಂಡೇಲ ಎಂದರೆ ಮೀನುಗಾರಿಕೆ ದೋಣಿಯನ್ನು ನಡೆಸುವ ಮುಖ್ಯಸ್ಥ. ಬಯಲುಸೀಮೆಯವರಾದ ನಾವು ತೊಲೆ, ಜಂತಿ, ಹಲಗೆಗಳನ್ನು ಕಣ್ಣಿನಿಂದಲೇ ಅಳೆಯಬಲ್ಲೆವು. ದೋಣಿಯ ಅಡಿಮರ ನಮ್ಮ ತೊಲೆ ಇದ್ದಂತೆ, ಪಕ್ಕೆಗಳು ಜಂತಿ ಇದ್ದಂತೆ. ಆದರೆ ಆ ಮರಕ್ಕೆ ಸಮುದ್ರ ಏನು ಮಾಡುತ್ತದೆ ಎಂಬುದನ್ನು ಕರಾವಳಿಯವರಿಂದಲೇ ಕೇಳಬೇಕು.

ನಾನು ಮೊದಲು ನೋಡಿದ ದೋಣಿ ಬೇರೆಯದು. ಹೊಳೆಯುವ ಬಿಳಿ ಬಣ್ಣ, ಹೊಸ ಹಗ್ಗ, ಕಣ್ಣು ಕೀಳಲಾಗದಷ್ಟು ಚೆಲುವು. ಮುಂಗಡ ಕೊಡಲು ಹಣ ಜೇಬಿನಲ್ಲಿತ್ತು. ಹುಬ್ಬಳ್ಳಿಯಿಂದ ಬಂದಿದ್ದ ಬಡಿಗೇರ ಕಾಕಾ ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದು, “ತಮ್ಮಾ, ಇದು ಬಣ್ಣದ ಸದ್ದು, ಮರದ ಸದ್ದಲ್ಲ” ಎಂದರು. ಹಿಂಭಾಗದ ಮೂಲೆಯಲ್ಲಿ ಗೋಣಿಚೀಲ ಹೊಲಿಯುವ ದಬ್ಬಣವನ್ನು ಒತ್ತಿದಾಗ ಅದು ಅರ್ಧ ಬೆರಳು ಒಳಗೆ ಹೋಯಿತು. ಮುಂಗಡ ಕೊಡುವ ಮುನ್ನ ಬಡಿಗರನ್ನು ಕರೆದುಕೊಂಡು ಹೋಗಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಸಣ್ಣ ಸುತ್ತಿಗೆಯಿಂದ ಅಂಗೈ ಅಗಲಕ್ಕೊಂದರಂತೆ ಇಡೀ ಮೈ ಬಡಿಯುತ್ತಾ ಹೋಗಿ. ಗಟ್ಟಿ ಮರ ಠಣ್ ಎನ್ನುತ್ತದೆ, ಲಡ್ಡು ಹಿಡಿದ, ಎಂದರೆ ಒಳಗೆ ಕೊಳೆತ, ಮರ ಮಂದವಾಗಿ ದಪ್ ಎನ್ನುತ್ತದೆ. ಸದ್ದು ಬದಲಾದ ಕಡೆ ಸೀಮೆಸುಣ್ಣದಿಂದ ಗುರುತು ಮಾಡಿ, ಆಮೇಲೆ ದಬ್ಬಣ ಒತ್ತಿ ನೋಡಿ. ಇದಕ್ಕೆ ಮಾರುವವರ ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕು.

ಲಡ್ಡು ಎಲ್ಲಿ ಹಿಡಿಯುತ್ತದೆ ಎಂಬುದರಲ್ಲಿ ನಮ್ಮಂಥವರು ತಪ್ಪುತ್ತೇವೆ. ಉಪ್ಪುನೀರಿನಲ್ಲಿ ಮುಳುಗಿದ ಭಾಗ ಕೊಳೆತಿರುತ್ತದೆ ಎಂದು ನಾನು ಎಣಿಸಿದ್ದೆ. ನಿಜದಲ್ಲಿ ಮರ ಕೊಳೆಸುವ ಬೂಷ್ಟಿಗೆ ಬೇಕಾದದ್ದು ಮಳೆಯ ಸಿಹಿನೀರು ಮತ್ತು ಗಾಳಿಯಾಡದ ಮೂಲೆ. ಆದ್ದರಿಂದ ಮೇಲಟ್ಟ (ಡೆಕ್) ಮತ್ತು ಪಕ್ಕದ ಹಲಗೆ ಕೂಡುವ ಅಂಚು, ಹಾಯಿಕಂಬದ ಬುಡ, ಕಂಬವನ್ನು ಹಿಡಿದ ತಂತಿಗಳು ಮರಕ್ಕೆ ಕಚ್ಚಿದ ಜಾಗ, ಹಿಂಬದಿಯ ಹಲಗೆಯ ಮೂಲೆಗಳು, ಕಿಟಕಿಗಳ ಕೆಳಗು, ಇವುಗಳನ್ನು ಮೊದಲು ನೋಡಿ. ಮೇಲಟ್ಟದಿಂದ ಒಂದು ಹನಿ ಸೋರಿದರೂ ಅದು ಎಲ್ಲಿ ಇಳಿಯುತ್ತದೆ ಎಂದು ಹಿಂಬಾಲಿಸಿ.

ನೀರಿನ ಕೆಳಗಿನ ಶತ್ರು ಬೇರೆ. ಹಡಗುಹುಳು ಎಂದು ಕರೆದರೂ ಅದು ಹುಳುವಲ್ಲ, ಚಿಪ್ಪುಮೀನಿನ ಜಾತಿಯ ಜೀವಿ. ತಲೆಯ ತುದಿಯ ಪುಟ್ಟ ಚಿಪ್ಪುಗಳಿಂದ ಮರ ಕೊರೆಯುತ್ತದೆ. ಮರಿಯಾಗಿದ್ದಾಗ ಸೂಜಿಮೊನೆಯಷ್ಟು ತೂತಿನಿಂದ ಒಳಗೆ ಹೋಗಿ ಅಲ್ಲಿಯೇ ಬೆಳೆಯುವುದರಿಂದ ಹೊರಗಿನಿಂದ ಏನೂ ಕಾಣುವುದಿಲ್ಲ. ಒಳಗೆ ಬೆರಳಗಲದ ಸುರಂಗ, ಅದಕ್ಕೆ ಬಿಳಿ ಸುಣ್ಣದ ಲೇಪ. ತಾಮ್ರ ಬೆರೆತ ಬಣ್ಣ ಸುಲಿದುಹೋದ ಕಡೆ, ಮುಖ್ಯವಾಗಿ ಅಡಿಮರದ ಕೆಳಮೈ ಮತ್ತು ಚುಕ್ಕಾಣಿಯ ತಳದಲ್ಲಿ ಹುಡುಕಿ.

ಅಡಿಯಲ್ಲಿ ಸೀಸದ ಅಥವಾ ಕಬ್ಬಿಣದ ಭಾರವನ್ನು ಹಿಡಿದಿರುವ ಬೋಲ್ಟ್‌ಗಳಲ್ಲಿ ಒಂದನ್ನಾದರೂ ಬಿಚ್ಚಿ ಹೊರತೆಗೆಸಿ. ತಲೆ ಚೆನ್ನಾಗಿದ್ದು ನಡು ಸವೆದಿರುವುದು ಸಾಮಾನ್ಯ. ಮಾರುವವರು ಒಪ್ಪಲಿಕ್ಕಿಲ್ಲ, ಆದರೂ ಕೇಳಿ. ಇದಕ್ಕೆ ಅಡ್ಡಿ ಹೇಳಿದರೆ ಎಲ್ಲ ಬೋಲ್ಟ್ ಬದಲಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ.

ಉಳಿದದ್ದು ಬೇಗ ಮುಗಿಯುತ್ತದೆ. ಹಾಯಿಯ ಹೊಲಿಗೆಯನ್ನು ಉಗುರಿನಿಂದ ಕೆರೆಯಿರಿ. ದಾರ ಪುಡಿಯಾದರೆ ಬಿಸಿಲು ತಿಂದಿದೆ ಎಂದರ್ಥ. ಕಂಬದ ತಂತಿಯ ಮೇಲೆ ಬಟ್ಟೆ ಎಳೆಯಿರಿ. ಸಿಕ್ಕಿಕೊಂಡರೆ ಎಳೆ ಹರಿದಿದೆ, ತಂತಿ ಬದಲಿಸಬೇಕು. ಡೀಸೆಲ್ ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿ. ನೀವು ಬರುವ ಮುನ್ನವೇ ಬಿಸಿ ಮಾಡಿ ಇಟ್ಟಿದ್ದರೆ ಮರುದಿನ ಬನ್ನಿ. ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ಅದರೊಳಗೆ ನೀರು ಸೇರಿದೆ.

ಹೆಜ್ಜೆ 4: ಕಾಗದಪತ್ರ ಮತ್ತು ಬೆಲೆ

ದೋಣಿಯ ನೋಂದಣಿ ಪತ್ರದ ಹೆಸರು ಮತ್ತು ಮಾರುವವರ ಹೆಸರು ಒಂದೇ ಆಗಿರಬೇಕು. ಗೋವಾದಲ್ಲಿ ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯಲ್ಲಿ ಪರಿಶೀಲಿಸಿ. ಕರ್ನಾಟಕಕ್ಕೆ ತಂದ ಮೇಲೆ ಏನೇನು ಬೇಕು ಎಂದು ಕಾರವಾರದ ಬಂದರು ಕಚೇರಿಯಲ್ಲಿ ಕೊಳ್ಳುವ ಮೊದಲೇ ಕೇಳಿ ಬರೆದುಕೊಳ್ಳಿ. ವಿದೇಶಿ ಪ್ರವಾಸಿಗರು ಬಿಟ್ಟುಹೋದ ದೋಣಿಯಾದರೆ ಕಸ್ಟಮ್ಸ್ ಸುಂಕ ಕಟ್ಟಿದ ದಾಖಲೆ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮಾರಾಟ ಪತ್ರದಲ್ಲಿ ಎಂಜಿನ್ ಸಂಖ್ಯೆ, ಹಾಯಿಗಳ ಸಂಖ್ಯೆ, ಲಂಗರು, ಸರಪಳಿ ಎಲ್ಲವನ್ನೂ ಬರೆಸಿ.

ಬೆಲೆಯ ವಿಷಯದಲ್ಲಿ ನನ್ನ ನಿಯಮ ಒಂದೇ: ದೋಣಿಗೆ ಎಷ್ಟು ಕೊಡುತ್ತೀರೋ ಅಷ್ಟೇ ಹಣ ದುರಸ್ತಿಗೆಂದು ಬ್ಯಾಂಕಿನಲ್ಲಿ ಉಳಿದಿರಬೇಕು.

ಹೆಜ್ಜೆ 5: ಸಂದಿಗೆ ಹತ್ತಿ, ದೋಣಿಗೆ ನೀರು

ದಂಡೆಯಲ್ಲಿ ಒಣಗಿದ ದೋಣಿಯ ಹಲಗೆಗಳು ಕುಗ್ಗಿ ಸಂದಿಗಳು ಬಾಯಿಬಿಟ್ಟಿರುತ್ತವೆ. ಹಳೆಯ ಪುಟ್ಟಿ ಮತ್ತು ಹತ್ತಿಯನ್ನು ಕೆರೆದು ತೆಗೆದು, ಹೊಸ ಹತ್ತಿಯನ್ನು ಸಡಿಲ ಹುರಿಯಂತೆ ಹೊಸೆದು, ಮೊಂಡು ಉಳಿಯಂಥ ಕಬ್ಬಿಣ ಮತ್ತು ಕೊಡತಿಯಿಂದ ಸಂದಿಯೊಳಗೆ ಕೂರಿಸಬೇಕು. ಕೈಗೆ ಬಲ ಇದೆ ಎಂದು ಜೋರಾಗಿ ಬಡಿಯಬೇಡಿ. ನೀರಿಗಿಳಿದ ಮೇಲೆ ಮರ ಉಬ್ಬುತ್ತದೆ. ಸಂದಿ ಅತಿಯಾಗಿ ಬಿಗಿದಿದ್ದರೆ ಉಬ್ಬಿದ ಹಲಗೆಗೆ ಹೋಗಲು ಜಾಗವಿಲ್ಲದೆ ಪಕ್ಕೆಯಿಂದಲೇ ಕಿತ್ತು ಬರುತ್ತದೆ. ಹತ್ತಿಯ ಮೇಲೆ ಬಣ್ಣ ಬಳಿದು, ಪುಟ್ಟಿಯನ್ನು ಹಲಗೆಯ ಮಟ್ಟಕ್ಕಿಂತ ಸ್ವಲ್ಪ ತಗ್ಗಾಗಿ ಬಿಡಿ. ಕಾಕಾ ಮೊದಲ ದಿನ ಬಾಗಿಲ ಚೌಕಟ್ಟಿಗೆ ಬಡಿದಂತೆ ಬಡಿದರು. ತಾಂಡೇಲರು ಅವರ ಕೈ ಹಿಡಿದು, “ಸಮುದ್ರಕ್ಕೂ ಸ್ವಲ್ಪ ಕೆಲಸ ಬಿಡಿ” ಎಂದರು. ಆಮೇಲೆ ಇಬ್ಬರೂ ಒಂದೇ ಲಯದಲ್ಲಿ ಮೂರು ವಾರ ದುಡಿದರು.

ದೋಣಿಯ ಮೈಯಲ್ಲಿ ನೀರು ಒಳಹೊರಗೆ ಹೋಗಲೆಂದು ಮಾಡಿದ ತೂತುಗಳಿರುತ್ತವೆ. ಅವುಗಳ ಕವಾಟ ತಿರುಗಬೇಕು, ರಬ್ಬರ್ ಕೊಳವೆಗೆ ಎರಡೆರಡು ಕ್ಲಿಪ್ ಇರಬೇಕು, ಪ್ರತಿ ತೂತಿನ ಪಕ್ಕ ಅದಕ್ಕೆ ಹೊಂದುವ ಮೆತ್ತನೆ ಮರದ ಬಿರಡೆಯೊಂದನ್ನು ದಾರದಲ್ಲಿ ಕಟ್ಟಿಡಬೇಕು.

ನೀರಿಗಿಳಿಸಿದ ಮೊದಲ ರಾತ್ರಿ ದೋಣಿಯನ್ನು ಬಿಟ್ಟು ಹೋಗಬೇಡಿ. ಕೈಪಂಪಿನ ಎಳೆತ ಎಣಿಸಿ ನೋಟ್‌ಬುಕ್‌ನಲ್ಲಿ ಬರೆಯಿರಿ. ನಮ್ಮ ದೋಣಿಯಲ್ಲಿ ಮೊದಲ ದಿನ 600 ಎಳೆತ, ಎರಡನೆಯ ದಿನ 250, ನಾಲ್ಕನೆಯ ದಿನ 90, ವಾರದ ಕೊನೆಗೆ 35. ಇಳಿಯುತ್ತಾ ಬಂದು ಒಂದು ಕಡೆ ನಿಂತ ಈ ಸಂಖ್ಯೆಯೇ ನಿಮ್ಮ ದೋಣಿಯ ಆರೋಗ್ಯದ ಅಳತೆ. ವಾರ ಕಳೆದರೂ ಸಂಖ್ಯೆ ಇಳಿಯದಿದ್ದರೆ ಮತ್ತೆ ದಂಡೆಗೆ ಎಳೆಯಿರಿ, ರಜೆ ಮುಗಿಯುತ್ತಿದೆ ಎಂದು ಹೊರಡಬೇಡಿ. ಸಂಖ್ಯೆ ನಿಂತ ಮೇಲೆ ಬಂದರಿನೊಳಗೆ ಹಾಯಿ ಏರಿಸಿ ಮೂರು ನಾಲ್ಕು ಸಲ ಸುತ್ತಾಡಿ, ಮತ್ತೆ ಎಣಿಸಿ.

ಹೆಜ್ಜೆ 6: ಕಾಲ ಮತ್ತು ಗಾಳಿ

ಡಿಸೆಂಬರ್‌ನಿಂದ ಫೆಬ್ರವರಿ ನಮ್ಮ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಸಮುದ್ರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧವಿರುತ್ತದೆ. ಅರಬ್ಬಿ ಸಮುದ್ರದ ಚಂಡಮಾರುತಗಳು ಮುಂಗಾರಿನ ಮೊದಲು ಮೇ, ಜೂನ್‌ನಲ್ಲಿ ಮತ್ತು ಮುಂಗಾರಿನ ನಂತರ ಅಕ್ಟೋಬರ್, ನವೆಂಬರ್‌ನಲ್ಲಿ ಏಳುತ್ತವೆ.

ಚಳಿಗಾಲದಲ್ಲಿ ಈ ಕರಾವಳಿಯ ಗಾಳಿಗೆ ಒಂದು ದಿನಚರಿ ಇದೆ. ರಾತ್ರಿ ತಣ್ಣಗಾದ ನೆಲದಿಂದ ಸಮುದ್ರದ ಕಡೆಗೆ ಬೀಸುವ ಗಾಳಿ ಬೆಳಗಿನ ಹತ್ತರವರೆಗೆ ಇರುತ್ತದೆ. ಆಮೇಲೆ ಒಂದೆರಡು ಗಂಟೆ ಸ್ತಬ್ಧ. ನೆಲ ಕಾದ ಮೇಲೆ ವಾಯವ್ಯದಿಂದ ಕಡಲಗಾಳಿ ಏಳುತ್ತದೆ. ದಕ್ಷಿಣಕ್ಕೆ ಹೊರಟವರಿಗೆ ಬೆಳಗಿನ ಗಾಳಿ ಎಡಪಕ್ಕದಿಂದ, ಮಧ್ಯಾಹ್ನದ ಗಾಳಿ ಹಿಂದಿನಿಂದ ಸಿಗುತ್ತದೆ. ಗೋವಾದಿಂದ ಕಾರವಾರಕ್ಕೆ ಬರುವವರಿಗೆ ಇದಕ್ಕಿಂತ ಅನುಕೂಲದ ಗಾಳಿ ಇಲ್ಲ. ನಡುವಿನ ಸ್ತಬ್ಧ ಹೊತ್ತಿಗೆ ಎಂಜಿನ್ ಬಳಸಿ. ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆಯನ್ನು ಪ್ರತಿದಿನ ನೋಡಿ.

ಹೆಜ್ಜೆ 7: ದೋಣಿಗೆ ತುಂಬುವುದು

ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್, ದೋಣಿಗೆ ಸೊಂಟ ಕಟ್ಟಿಕೊಳ್ಳುವ ಪಟ್ಟಿ, ಎರಡು ಪಂಪು (ಒಂದು ಕೈಯದ್ದು, ಒಂದು ಬ್ಯಾಟರಿಯದ್ದು), ಎರಡು ಬಕೆಟ್, ಸಂಕಟ ಸೂಚಿಸುವ ಬೆಳಕಿನ ಬಾಣ, ಬೆಂಕಿ ಆರಿಸುವ ಸಿಲಿಂಡರ್, ದಿಕ್ಸೂಚಿ, ವಿಎಚ್‌ಎಫ್ ರೇಡಿಯೊ. ರೇಡಿಯೊದಲ್ಲಿ 16ನೆಯ ಚಾನೆಲ್ ಸಂಕಟದ ಕರೆಗೆ ಮೀಸಲು, ಅದನ್ನು ಸದಾ ತೆರೆದಿಡಿ. ಮೊಬೈಲ್‌ನಿಂದ ಕರಾವಳಿ ರಕ್ಷಣಾ ಪಡೆಗೆ 1554. ಮೊಬೈಲ್‌ನ ಜಿಪಿಎಸ್ ಜೊತೆಗೆ ಡೆಹ್ರಾಡೂನಿನ ರಾಷ್ಟ್ರೀಯ ಹೈಡ್ರೊಗ್ರಾಫಿಕ್ ಕಚೇರಿ ಪ್ರಕಟಿಸುವ ಕಾಗದದ ನಕ್ಷೆಯೂ ಇರಲಿ. ಆಧಾರ್ ಮತ್ತು ದೋಣಿಯ ಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಿ. ಸಮುದ್ರದಲ್ಲಿ ತಪಾಸಣೆ ಆಗುವುದುಂಟು.

ಕುಡಿಯುವ ನೀರು ತಲೆಗೆ ದಿನಕ್ಕೆ ಐದು ಲೀಟರ್. ಊಟಕ್ಕೆ ನಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿಗಿಂತ ಉತ್ತಮವಾದುದು ಸಮುದ್ರದ ಮೇಲೆ ಇಲ್ಲ. ಒಲೆ ಬೇಕಿಲ್ಲ, ಕೆಡುವುದಿಲ್ಲ, ಹೊಟ್ಟೆ ತೊಳಸಿದಾಗಲೂ ಒಂದು ತುಂಡು ಇಳಿಯುತ್ತದೆ. ಹಸಿ ಶುಂಠಿಯನ್ನು ಮರೆಯಬೇಡಿ.

ಹೆಜ್ಜೆ 8: ಪಯಣ

ಮುರ್ಮುಗಾವ್‌ನಿಂದ ಕಾರವಾರಕ್ಕೆ ಸುಮಾರು 40 ನಾಟಿಕಲ್ ಮೈಲಿ, ಎಂದರೆ 75 ಕಿಲೋಮೀಟರ್‌ನ ಆಸುಪಾಸು. ಗಂಟೆಗೆ ನಾಲ್ಕು ಮೈಲಿಯ ವೇಗದಲ್ಲಿ ಹತ್ತು ಗಂಟೆ. ಒಂದೇ ದಿನದಲ್ಲಿ ಮುಗಿಸುವ ಆಸೆ ಬೇಡ. ಚಳಿಗಾಲದಲ್ಲಿ ಹಗಲು ಹನ್ನೊಂದು ಗಂಟೆ ಚಿಲ್ಲರೆ ಮಾತ್ರ. ಕತ್ತಲಾದ ಮೇಲೆ ಮೀನುಗಾರರ ಬಲೆಗಳು ಕಾಣುವುದಿಲ್ಲ, ಬಲೆ ಎಂಜಿನ್ನಿನ ಪಂಖಕ್ಕೆ ಸುತ್ತಿಕೊಂಡರೆ ಅವರಿಗೂ ನಷ್ಟ, ನಿಮಗೂ ಅಪಾಯ. ಪಾಳೊಳೆಂ ಕೊಲ್ಲಿಯಲ್ಲಿ ಒಂದು ರಾತ್ರಿ ನಿಲ್ಲಿ.

ಹೊರಡುವ ಮುನ್ನ ಬಂದರಿಗೆ ತಿಳಿಸಿ, ಮನೆಯವರಿಗೆ ತಲುಪುವ ಹೊತ್ತು ಬರೆದುಕೊಡಿ. ದಂಡೆಯಿಂದ ಎರಡು ಮೂರು ಮೈಲಿ ದೂರ ಇರಲಿ, ಏಕೆಂದರೆ ಕಾಬೊ ದ ರಾಮದಿಂದ ದಕ್ಷಿಣಕ್ಕೆ ಬಂಡೆಗಳೂ ಸಣ್ಣ ದ್ವೀಪಗಳೂ ಇವೆ. ಗಂಟೆಗೊಮ್ಮೆ ಪಂಪಿನ ಎಳೆತ ಎಣಿಸಿ ಬರೆಯಿರಿ, ಒಂದು ಗಂಟೆಯನ್ನೂ ಬಿಡಬೇಡಿ.

ನಾವು ಬೆಳಿಗ್ಗೆ ಆರೂವರೆಗೆ ಲಂಗರು ಎತ್ತಿದೆವು. ಮೊದಲ ಗಂಟೆ 5 ಎಳೆತ. ಕೊಲ್ವಾದ ಉದ್ದನೆಯ ಮರಳದಂಡೆಯ ಆಚೆ ನೆಲದ ಗಾಳಿ ಚುರುಕಾಗಿ ದೋಣಿ ಬಲಕ್ಕೆ ವಾಲಿ ಓಡತೊಡಗಿತು. ಅಂಥ ಓಟವನ್ನು ನಾನು ಕನಸಿನಲ್ಲಿಯೂ ಕಂಡಿರಲಿಲ್ಲ. ಆ ಗಂಟೆಯ ಕೊನೆಗೆ ಎಣಿಸಿದರೆ 40. ಎದೆ ಧಸಕ್ಕೆಂದಿತು. ತಾಂಡೇಲರು ನೋಟ್‌ಬುಕ್ ನೋಡಿ, “ಸರ್, ಕೆಳಗಿನ ಹಲಗೆ ಉಬ್ಬಿದೆ, ಮೇಲಿನ ಹಲಗೆ ಇನ್ನೂ ಒಣಗಿದೆ. ವಾಲಿದಾಗ ಅದು ನೀರಿಗೆ ಬರುತ್ತಿದೆ” ಎಂದರು. ವಾರವಿಡೀ ಬಿಸಿಲಿನಲ್ಲಿ ನಿಂತ ದೋಣಿಯ ಮೇಲ್ಭಾಗದ ಸಂದಿಗಳು ಒಮ್ಮೆಯೂ ನೆನೆದಿರಲಿಲ್ಲ. ದೊಡ್ಡ ಹಾಯಿಯನ್ನು ಮಡಚಿ ಚಿಕ್ಕದು ಮಾಡಿದೆವು, ದೋಣಿ ನೆಟ್ಟಗಾಯಿತು. ಮುಂದಿನ ಗಂಟೆ 12, ಅದರ ಮುಂದಿನದು 6. ಲೆಕ್ಕ ಇಲ್ಲದಿದ್ದರೆ ನೀರು ಕಾಲಿಗೆ ತಾಗಿದ ಮೇಲೆ ನಮಗೆ ತಿಳಿಯುತ್ತಿತ್ತು, ಆಗ ಕಾರಣ ಹುಡುಕುವ ವ್ಯವಧಾನ ಇರುತ್ತಿರಲಿಲ್ಲ. ಆದ್ದರಿಂದ ಹೊರಡುವ ಮುಂಚಿನ ವಾರ ದಿನಕ್ಕೆ ಎರಡು ಸಲ ಸಮುದ್ರದ ನೀರನ್ನೇ ಬಕೆಟ್‌ನಲ್ಲಿ ಎತ್ತಿ ಮೇಲಿನ ಹಲಗೆಗಳಿಗೆ ಹೊಯ್ಯಿರಿ. ಇದನ್ನು ನಾವು ಮಾಡಿರಲಿಲ್ಲ.

ಪಾಳೊಳೆಂನಲ್ಲಿ ಮರಳು ತಳ, ಲಂಗರು ಚೆನ್ನಾಗಿ ಹಿಡಿಯುತ್ತದೆ. ಸರಪಳಿಯಾದರೆ ಆಳದ ಐದು ಪಟ್ಟು, ಹಗ್ಗವಾದರೆ ಏಳು ಪಟ್ಟು ಬಿಡಿ. ರಾತ್ರಿಯ ಗಾಳಿ ನೆಲದಿಂದ ಬೀಸುವುದರಿಂದ ದೋಣಿ ದಂಡೆಯಿಂದ ದೂರವೇ ನಿಲ್ಲುತ್ತದೆ.

ಎರಡನೆಯ ದಿನದ ದಾರಿ ಚಿಕ್ಕದು. ಪೋಳೆಂ ದಾಟಿದರೆ ಕರ್ನಾಟಕ. ಎದುರಿಗೆ ಕೂರ್ಮಗಡ, ಬಲಕ್ಕೆ ದೇವಗಡದ ದೀಪಸ್ತಂಭ, ಎಡಕ್ಕೆ ಕಾಳಿ ನದಿಯ ಮುಖ ಮತ್ತು ಸದಾಶಿವಗಡದ ಗುಡ್ಡ. ಕಾಳಿಯ ಬಾಯಿಯಲ್ಲಿ ಮರಳದಿಬ್ಬಗಳಿವೆ, ಸ್ಥಳೀಯರು ಜೊತೆಗಿಲ್ಲದೆ ಒಳಗೆ ಹೋಗಬೇಡಿ. ಕಾರವಾರದ ಕೊಲ್ಲಿಯನ್ನು ಬಿಟ್ಟು ದಕ್ಷಿಣಕ್ಕೆ ಜಾರಲೂಬೇಡಿ: ಅಲ್ಲಿ ನೌಕಾನೆಲೆ ಇದೆ, ಅಂಜುದೀವ ದ್ವೀಪದ ಹತ್ತಿರ ಸುಳಿಯುವಂತಿಲ್ಲ. ಬಂದರಿಗೆ ರೇಡಿಯೊದಲ್ಲಿ ಹೇಳಿ, ತೋರಿಸಿದ ಜಾಗದಲ್ಲಿ ಲಂಗರು ಹಾಕಿ.

ಹೆಜ್ಜೆ 9: ತಂದ ಮೇಲೆ

ಲಾರಿಯ ಮೇಲೆ ಅರಬೈಲು ಘಟ್ಟ ಹತ್ತಿಸಿ ಧಾರವಾಡಕ್ಕೆ ತಂದು ಮನೆಯ ಹಿತ್ತಲಲ್ಲಿ ನಿಲ್ಲಿಸಿಕೊಳ್ಳುವ ಆಸೆ ನನಗೂ ಆಗಿತ್ತು. ಮಾಡಬೇಡಿ. ನಮ್ಮ ಮಾರ್ಚ್, ಏಪ್ರಿಲ್‌ನ ಒಣಗಾಳಿ ಎರೆಹೊಲವನ್ನೇ ಸೀಳಿಸುತ್ತದೆ, ಹಲಗೆಗಳನ್ನು ಬಿಟ್ಟೀತೇ? ದೋಣಿ ಕಾರವಾರದಲ್ಲಿಯೇ ಇರಲಿ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅಂಕೋಲಾ ಮಾರ್ಗವಾಗಿ ಸುಮಾರು 165 ಕಿಲೋಮೀಟರ್, ವಾರಕ್ಕೊಮ್ಮೆ ಹೋಗಿ ಬರಬಹುದು. ನೀವಿಲ್ಲದ ದಿನ ಪಂಪು ಎಳೆದು ಎಣಿಸಲು ಊರಿನ ಒಬ್ಬರಿಗೆ ತಿಂಗಳ ಸಂಬಳ ಕೊಡಿ.

ಮೇ ಮಧ್ಯದೊಳಗೆ ದಂಡೆಗೆ ಎಳೆಸಿ. ತೆಂಗಿನ ಗರಿಯ ತಡಿಕೆ, ಅದರ ಮೇಲೆ ತಾಡಪತ್ರಿ, ಆದರೆ ಎರಡೂ ತುದಿ ತೆರೆದಿರಲಿ. ಒಳಗಿನ ಬಾಗಿಲು, ಪೆಟ್ಟಿಗೆ, ನೆಲದ ಹಲಗೆ ಎಲ್ಲವನ್ನೂ ತೆಗೆದಿಟ್ಟು ಗಾಳಿಯಾಡಲು ಬಿಡಿ. ತಳದ ಬೂಚು ಬಿಚ್ಚಿ, ಒಳಗೆ ಬಿದ್ದ ಮಳೆನೀರು ನಿಲ್ಲದೆ ಹರಿದುಹೋಗುವಂತೆ ಮಾಡಿ. ಬಿಚ್ಚಿದ ಬೂಚನ್ನು ಚುಕ್ಕಾಣಿಯ ಹಿಡಿಕೆಗೆ ಕಟ್ಟಿಡಿ, ಅಕ್ಟೋಬರ್‌ನಲ್ಲಿ ನೀರಿಗಿಳಿಸುವಾಗ ಮೊದಲು ಕಣ್ಣಿಗೆ ಬೀಳಬೇಕಾದದ್ದು ಅದು.